ಮೂಲವ್ಯಾಧಿ ಎಂದು ಚೀಟಿ ಬರೆಯುವ ಮುನ್ನ

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ತಮ್ಮ ಇಲಾಖೆಯ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್‌ಗಳಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಯುತ್ತಿದೆ. ದೊಡ್ಡ ಕರುಳಿನದನ್ನೂ ಅದಕ್ಕೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಆ ರೋಗ ಅಮೆರಿಕದಷ್ಟಿಲ್ಲ. ಊರಿಗೆಲ್ಲ ಕೊಲೊನೋಸ್ಕೋಪಿ ಮಾಡಿಸುವ ಶಕ್ತಿಯೂ ನಮಗಿಲ್ಲ. ನನಗೆ ಬೇಕಿರುವುದು ಒಂದು ಸುತ್ತೋಲೆ.

ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ಬಲಗಡೆಯ ಗಡ್ಡೆಗಳ ಪಾಲು ಏರುತ್ತಾ ಬಂತು. ಜನರ ಆಯಸ್ಸು ಹೆಚ್ಚಿದ್ದು ಒಂದು ಕಾರಣ. ಎಡಗಡೆಯ, ಮುಂದೆ ಕ್ಯಾನ್ಸರ್ ಆಗಬಲ್ಲ ಪಾಲಿಪ್‌ಗಳನ್ನು ಎಂಡೋಸ್ಕೋಪಿಯಲ್ಲಿ ಮೊದಲೇ ಕಂಡು ತೆಗೆದದ್ದು ಇನ್ನೊಂದು. ಈಚೆಗೆ ಅಲ್ಲಿ ಮತ್ತೊಂದು ತಿರುವು. ಹೊಸ ರೋಗಿಗಳಲ್ಲಿ 55ರೊಳಗಿನವರು 1995ರಲ್ಲಿ ಶೇ. 11 ಇದ್ದರು, 2019ರಲ್ಲಿ ಶೇ. 20 ಆದರು. ಅದೇ ಅವಧಿಯಲ್ಲಿ ಗುದನಾಳದ ಪಾಲು ಶೇ. 27ರಿಂದ 31ಕ್ಕೆ ಏರಿತು. 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು.

ಅವರಿಗೆ ಹೊಸದಾಗಿ ಕಾಣುತ್ತಿರುವುದು ನಮಗೆ ಹಳೆಯ ಸಂಗತಿ. ನಮ್ಮ ಆಸ್ಪತ್ರೆಗಳಿಗೆ ಬರುವ ಕರುಳಿನ ಕ್ಯಾನ್ಸರ್‌ಗಳಲ್ಲಿ ಗುದನಾಳದ್ದೇ ದೊಡ್ಡ ಪಾಲು. ಮೂವತ್ತು, ನಲವತ್ತರ ರೋಗಿಗಳು ಅಪರೂಪವಲ್ಲ. ಗುದನಾಳದ ಉದ್ದ ಸುಮಾರು 15 ಸೆಂಟಿಮೀಟರ್. ಅದರ ಕೆಳಗಿನ ಅರ್ಧ ವೈದ್ಯರ ಬೆರಳಿಗೇ ಸಿಗುತ್ತದೆ.

ಆದರೆ ಒಪಿಡಿಯಲ್ಲಿ ನಡೆಯುವುದೇನು? ರೋಗಿ ಮೇಜಿನ ಆಚೆ ನಿಂತೇ "ಎರಡಕ್ಕೆ ಹೋದಾಗ ರಕ್ತ ಬರುತ್ತೆ ಡಾಕ್ಟ್ರೇ" ಎಂದು ದನಿ ತಗ್ಗಿಸುತ್ತಾನೆ. ಹಿಂದೆ ಐವತ್ತು ಜನರ ಸಾಲು. "ಪೈಲ್ಸು, ಖಾರ ಕಮ್ಮಿ ಮಾಡಿ" ಎಂದು ಮುಲಾಮು ಬರೆದಾಯಿತು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲಿನ "ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ" ಜಾಹೀರಾತು ಉಳಿದ ತಿಂಗಳುಗಳನ್ನು ನುಂಗುತ್ತದೆ. ಎಡಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮಡಿಸಿ, ಜೆಲ್ ಹಚ್ಚಿದ ಬೆರಳಿನಿಂದ ನೋಡಲು ಎರಡು ನಿಮಿಷ ಸಾಕು. ಮೂಲವ್ಯಾಧಿಯ ಮೊಳಕೆ ಮೆತ್ತಗೆ, ಒಳಗಿದ್ದರೆ ಬೆರಳಿಗೆ ತಿಳಿಯುವುದೇ ಕಷ್ಟ. ಕ್ಯಾನ್ಸರ್ ಗಡ್ಡೆ ಗಟ್ಟಿ, ಅಂಚು ಒರಟು. ಗ್ಲೌಸ್ ಹೊರಬಂದಾಗ ಅದರ ಮೇಲೆ ರಕ್ತ.

ಬಲಗಡೆಯದರ ಮೋಸವೇ ಬೇರೆ. ಅಲ್ಲಿ ಕರುಳು ಅಗಲ, ಮಲ ತೆಳು. ಹಾಗಾಗಿ ಮಲಬದ್ಧತೆ ತಡವಾಗಿ ಕಾಣುತ್ತದೆ. ರಕ್ತ ಕಣ್ಣಿಗೆ ಬೀಳದೆ ಸೋರಿ ಹಿಮೋಗ್ಲೋಬಿನ್ ಇಳಿಯುತ್ತದೆ. ಐವತ್ತು ದಾಟಿದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಕೊರತೆ ಇದ್ದರೆ ಮಾತ್ರೆ ಕೊಟ್ಟು ಕಳಿಸಿದರೆ ಆಗದು. (ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಗೊಂದಲ ಇನ್ನೂ ಹೆಚ್ಚು.)

ಆದ್ದರಿಂದ ಸುತ್ತೋಲೆಯಲ್ಲಿ ಇಷ್ಟು ಇರಲಿ: ರಕ್ತ ಹೋಗುತ್ತಿದೆ ಎಂದು ಬಂದವರಿಗೆ ಬೆರಳು ಪರೀಕ್ಷೆ ಮಾಡದೆ ಮೂಲವ್ಯಾಧಿ ಎಂದು ಬರೆಯಕೂಡದು. ಬೆರಳಿಗೆ ಏನೂ ಸಿಗದಿದ್ದರೂ ರಕ್ತ ನಿಲ್ಲದವರನ್ನು ಸ್ಕೋಪಿಗೆ ಕಳಿಸಬೇಕು. ಹೆಂಗಸರ ಪರೀಕ್ಷೆಯ ವೇಳೆ ನರ್ಸ್ ಜೊತೆಗಿರಬೇಕು. ಕ್ಯಾನ್ಸರ್ ಖಚಿತವಾದಾಗ ದಾಖಲೆಯಲ್ಲಿ ಬರೀ "ಕರುಳು" ಎಂದು ಗೀಚದೆ ಸೀಕಮ್, ಸಿಗ್ಮಾಯ್ಡ್, ಗುದನಾಳ ಎಂದು ಜಾಗ ನಮೂದಿಸಬೇಕು. ಇಲ್ಲದಿದ್ದರೆ ನಮ್ಮಲ್ಲಿ ರೋಗ ಯಾವ ಕಡೆ ಸರಿಯುತ್ತಿದೆ ಎಂಬುದು ಕ್ಯಾನ್ಸರ್ ನೋಂದಣಿಗೂ ಗೊತ್ತಾಗದು.

ಬೇಕಾದದ್ದು ಗ್ಲೌಸ್, ಜೆಲ್, ಒಂದು ಪರದೆ. ಬಜೆಟ್‌ಗೆ ಕಾಯುವ ಕೆಲಸವಲ್ಲ. ದಯವಿಟ್ಟು ಈ ತಿಂಗಳೇ ಹೊರಡಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ಸರ್ಜನ್