ಪ್ರಶ್ನೆ ಕೇಳಬಾರದ ಊರು



ಗೊಬ್ಬರ, ಸಾಲ, ಧಾರಣೆಗಳ ವಿಚಾರಕ್ಕೆ ಮೀಸಲಾದ ನಮ್ಮ ಪತ್ರಿಕೆಯಲ್ಲಿ ಭಯಾನಕ ಕಾದಂಬರಿಯೊಂದರ ಮಾತೇಕೆ ಎಂದು ಕೆಲವರಾದರೂ ಕೇಳಿಯಾರು. ಆದರೆ ಈ ಕಾದಂಬರಿ ಬೆಳೆಗಾರರನ್ನೇ ಕುರಿತದ್ದು. ಅಮೆರಿಕದ ಥಾಮಸ್ ಟ್ರೈಯನ್ ಬರೆದ ‘ಹಾರ್ವೆಸ್ಟ್ ಹೋಮ್’, ಅಂದರೆ ಸುಗ್ಗಿಯ ಹಬ್ಬ, 1973ರಲ್ಲಿ ಪ್ರಕಟವಾಯಿತು. ಹಳ್ಳಿಯ ಹಳೆಯ ಆಚರಣೆಗಳಿಂದಲೇ ಭಯ ಹುಟ್ಟಿಸುವ ಕಥೆಗಳ ಸಾಲಿನಲ್ಲಿ ಇದಕ್ಕೆ ಹೆಸರಿದೆ. ಮಳೆಗಾಲದ ಬಿಡುವಿನಲ್ಲಿ ಓದಿ ಮುಗಿಸಿದ ನನಗೆ ಅನ್ನಿಸಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನ್ಯೂಯಾರ್ಕಿನ ಜಾಹೀರಾತು ಕಂಪನಿಯ ನೌಕರಿ ಬಿಟ್ಟ ನೆಡ್ ಎಂಬಾತ, ಚಿತ್ರ ಬರೆದುಕೊಂಡಿರೋಣವೆಂದು ಹೆಂಡತಿ ಮಗಳೊಡನೆ ಕನೆಕ್ಟಿಕಟ್ ರಾಜ್ಯದ ಒಂದು ಹಳ್ಳಿಗೆ ಬಂದು ನೆಲೆಸುತ್ತಾನೆ. ಕಾರ್ನ್‌ವಾಲ್ ಕೂಂಬ್ ಎಂಬ ಈ ಊರು ಲೇಖಕರ ಕಲ್ಪನೆಯದು. ಅಲ್ಲಿನವರ ಬೆಳೆ ಮೆಕ್ಕೆಜೋಳ. ಅದನ್ನು ಹಿರಿಯರ ಕಾಲದಿಂದ ಬಂದ ಕ್ರಮದಲ್ಲಿಯೇ ಬೆಳೆಯಬೇಕು. ಊರಿನ ಯಜಮಾನಿಕೆ ವಿಡೋ ಫಾರ್ಚೂನ್ ಎಂಬ ಮುದುಕಿಯದು. ಆಕೆ ಸೂಲಗಿತ್ತಿ, ನಾಟಿ ವೈದ್ಯೆ, ಎಲ್ಲರಿಗೂ ಬೇಕಾದವಳು. ಏಳು ವರ್ಷಕ್ಕೊಮ್ಮೆ ಒಬ್ಬ ಯುವಕನನ್ನು ‘ಸುಗ್ಗಿಯ ಒಡೆಯ’ನಾಗಿ ಆರಿಸಿ ಸಕಲ ಮರ್ಯಾದೆ ಮಾಡುತ್ತಾರೆ. ಅವಧಿ ಮುಗಿಯುವ ರಾತ್ರಿ ಏನಾಗುತ್ತದೆಂಬುದನ್ನು ಇಲ್ಲಿ ಹೇಳಿ ಓದುವವರ ಕುತೂಹಲ ಕೆಡಿಸಲಾರೆ.

ಮೊದಲಿಗೆ ನನ್ನ ಆಕ್ಷೇಪಣೆ. ಪೇಟೆಯವರನ್ನು ಹೆದರಿಸಲು ಹಳ್ಳಿಯವರನ್ನು ರಕ್ತಪಿಪಾಸುಗಳನ್ನಾಗಿ ಮಾಡುವುದು ಸುಲಭದ ದಾರಿ. ಭೂಮಿಯನ್ನು ತಾಯಿಯೆಂದು ಪೂಜಿಸುವವರೆಲ್ಲ ಒಳಗೊಳಗೇ ಬಲಿ ಕೊಡುವವರು ಎಂಬ ಭಾವನೆ ಕಾದಂಬರಿಯ ಉದ್ದಕ್ಕೂ ಇದೆ. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಬುಟ್ಟಿಗೆ ಚಿತ್ತಾರ ಬರೆದು, ಚರಗ ಬೀರಿ, ಬಸುರಿ ಭೂಮಿಗೆ ಸೀಮಂತ ಮಾಡುತ್ತೇವೆ. ಅದರಲ್ಲಿ ಇರುವುದು ಕೃತಜ್ಞತೆ. ಟ್ರೈಯನ್ನರಿಗೆ ಈ ಮುಖ ಸಾಕಷ್ಟು ಕಾಣಲಿಲ್ಲ.

ಹೀಗಿದ್ದರೂ ಪುಸ್ತಕವನ್ನು ನಡುವೆ ಕೆಳಗಿಡಲಾಗಲಿಲ್ಲ. ಕಾರಣ ವರ್ದಿ ಎಂಬ ಹುಡುಗ. ಮುಂದಿನ ಏಳು ವರ್ಷಕ್ಕೆ ಊರು ಆರಿಸಿದ್ದು ಅವನನ್ನು. ಅವನಿಗೋ ಹೊಸ ಬೇಸಾಯ ಕಲಿಯುವ ಹಂಬಲ. ತನಗೆ ಈ ಗೌರವ ಬೇಡವೆನ್ನುತ್ತಾನೆ. ಅಲ್ಲಿಂದಾಚೆಗೆ, ನಿನ್ನೆಯವರೆಗೆ ಬೆನ್ನು ತಟ್ಟುತ್ತಿದ್ದವರ ಮುಖಗಳೇ ಬದಲಾಗುತ್ತವೆ. ಕಾಡಿನಲ್ಲಿ ಕಾಣಬಾರದ್ದನ್ನು ಕಂಡ ಒಬ್ಬ ತಿರುಗಾಟದ ವ್ಯಾಪಾರಿ ನಾಲಗೆ ಕಳೆದುಕೊಳ್ಳುತ್ತಾನೆ. ನನ್ನನ್ನು ನಡುಗಿಸಿದ್ದು ಮೆಕ್ಕೆಜೋಳದ ದೇವತೆಯಲ್ಲ, ಒಬ್ಬನು ‘ಬೇಡ’ ಎಂದಾಗ ಒಬ್ಬರಾದರೂ ‘ಏಕಪ್ಪಾ?’ ಎಂದು ಕೇಳದ ಆ ಊರು.

ಕಥೆ ನಡೆಯುವ ಸ್ಥಳವೂ ಯೋಚನೆಗೆ ಹಚ್ಚುತ್ತದೆ. ಅಮೆರಿಕದ ರಾಜ್ಯಗಳ ಪೈಕಿ ಮೊದಲ ಕೃಷಿ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದು ಇದೇ ಕನೆಕ್ಟಿಕಟ್ಟಿನಲ್ಲಿ, 1875ರಲ್ಲಿ. ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ರೈತರ ಕೈಗೆಟಕುವಂತೆ ಮಾಡಿದ ಇಮ್ಮಡಿ ಸಂಕರಣ ವಿಧಾನವನ್ನು ಡೊನಾಲ್ಡ್ ಜೋನ್ಸ್ ರೂಪಿಸಿದ್ದೂ ಅಲ್ಲಿಯೇ. ಹಾಗೆಂದು ಹೊಸದೆಲ್ಲ ಒಳ್ಳೆಯದೆಂದಲ್ಲ. ಗಂಡು ಹೂವನ್ನು ಕೈಯಿಂದ ಕೀಳುವ ಕೂಲಿ ಉಳಿಸಲೆಂದು ಬೀಜದವರೆಲ್ಲ ಒಂದೇ ಬಗೆಯ ತಾಯಿ ಸಾಲನ್ನು ಹಿಡಿದರು. 1970ರಲ್ಲಿ ಎಲೆ ಅಂಗಮಾರಿ ರೋಗ ಎರಗಿ ದೇಶದ ಮೆಕ್ಕೆಜೋಳದಲ್ಲಿ ಸುಮಾರು ಶೇ. 15 ನಷ್ಟವಾಯಿತು. ಮತ್ತೆ ಹಳೆಯ ಸಾಲುಗಳಿಗೂ ಕೈಗೆಲಸಕ್ಕೂ ಮರಳಬೇಕಾಯಿತು. ಎಲ್ಲರದೂ ಒಂದೇ ಬೀಜವಾದರೂ ಅಪಾಯ, ಎಲ್ಲರದೂ ಒಂದೇ ಮಾತಾದರೂ ಅಪಾಯ.

ನಮ್ಮ ತೋಟದ್ದೇ ಉದಾಹರಣೆ ನೋಡಿ. ಕೊಳೆರೋಗಕ್ಕೆ ಹಿರಿಯರು ಅಡಿಕೆ ಕೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಮಳೆ ನೀರು ತಾಗದಂತೆ ಕಾಯುವ ಆ ಪದ್ಧತಿಗೆ ಅರ್ಥವಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗ ಶಿಲೀಂಧ್ರದಿಂದ ಬರುವುದನ್ನು ಅಭ್ಯಾಸಮಾಡಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ತೋರಿಸಿಕೊಟ್ಟರು. ಕೊಟ್ಟೆ ಕಟ್ಟಿದವರು ಮೂಢರಲ್ಲ, ಔಷಧಿ ಹೊಡೆದವರು ಕುಲಗೆಟ್ಟವರೂ ಅಲ್ಲ. ಕಾರಣ ಕೇಳಿದಾಗ ಉತ್ತರ ಕೊಡಬಲ್ಲ ಪದ್ಧತಿ ಹಳೆಯದಾದರೂ ನಿಲ್ಲುತ್ತದೆ. ಕೇಳಿದವನ ಬಾಯಿ ಮುಚ್ಚಿಸಿ ಉಳಿಯಬೇಕಾದದ್ದು ಪದ್ಧತಿಯಲ್ಲ, ದಬ್ಬಾಳಿಕೆ.

ಸಹಕಾರ ಸಂಘಕ್ಕೂ ಇದೇ ಮಾತು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು ಹಾಕಿಕೊಟ್ಟ ತತ್ತ್ವದಂತೆ ಸದಸ್ಯನೊಬ್ಬನಿಗೆ ಒಂದು ಮತ; ಎಷ್ಟು ಎಕರೆ ಇದ್ದರೂ ಅಷ್ಟೇ. ಆ ಮತ ‘ಇಲ್ಲ’ ಎನ್ನುವುದಕ್ಕೂ ಇದೆ. ಮಹಾಸಭೆಯಲ್ಲಿ ಅರ್ಧ ಎಕರೆಯ ಸದಸ್ಯರೊಬ್ಬರು ಎದ್ದು ಜಮಾಖರ್ಚಿನ ಒಂದು ಬಾಬ್ತಿಗೆ ವಿವರಣೆ ಕೇಳಿದಾಗ, ‘ಕೂತ್ಕೊಳ್ಳಿ ಮಾರಾಯ್ರೆ, ಊಟಕ್ಕೆ ಹೊತ್ತಾಯ್ತು’ ಎನ್ನುವ ದನಿಗಳು ಹಿಂದಿನಿಂದ ಏಳುವುದುಂಟು. ತಮಾಷೆಗೇ ಅನ್ನುತ್ತಾರೆ, ಒಪ್ಪುತ್ತೇನೆ. ಕಾರ್ನ್‌ವಾಲ್ ಕೂಂಬಿನವರೂ ನಗುಮುಖದವರೇ ಆಗಿದ್ದರು.

ಕಾದಂಬರಿ ಎಲ್ಲರಿಗೂ ಹಿಡಿಸಲಾರದು. ಕೊನೆಯ ಭಾಗ ಬಹಳ ಕ್ರೂರವಾಗಿದೆ, ಎಳೆಯರ ಕೈಗೆ ಕೊಡತಕ್ಕದ್ದಲ್ಲ. ಇಂಗ್ಲಿಷ್ ಬಲ್ಲ ಪ್ರಾಯದ ಮಕ್ಕಳಿದ್ದರೆ ಓದಿಸಿ. ತೋಟದ ಕೆಲಸದಲ್ಲಿ ‘ಹೀಗೇಕೆ?’ ಎಂದು ಅವರು ಕೇಳಿದರೆ ಸಿಟ್ಟಾಗದೆ ಉತ್ತರಿಸಿ. ಮಹಾಸಭೆಗೆ ಬರುವಾಗ ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡೇ ಬನ್ನಿ. ಉತ್ತರಿಸಿದ ಮೇಲೆಯೇ ಊಟದ ಎಲೆ ಹಾಕಿಸೋಣ.

— ಕಾರ್ಯದರ್ಶಿ