ಆಟದ ಸಂಜೀವನಿ

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನು ಡೆಂಗ್ಯೂ ಜ್ವರದಿಂದ ಹಾಸಿಗೆ ಹಿಡಿದಿದ್ದನು. ನಾಲ್ಕು ದಿನಗಳವರೆಗೆ ಅವನ ಮೈ ಕೆಂಡದಂತೆ ಸುಡುತ್ತಿದ್ದಿತು. ಐದನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಒಡನೆಯೇ ಅವನು ಎದ್ದು ಕುಳಿತು, "ಅಕ್ಕಾ, ಜ್ವರ ಬಿಟ್ಟದ. ನನ್ನ ಹೆಲ್ತ್ ಪೂರಾ ತುಂಬೇದ. ನಾ ಆಡ್ಲಿಕ್ಕೆ ಹೋಗ್ತೀನಿ" ಎಂದನು.

ಈ "ಹೆಲ್ತ್" ಎಂಬ ಮಾತು ಅವನಿಗೆ ಪಠ್ಯಪುಸ್ತಕದಿಂದ ಬಂದುದಲ್ಲ, ಮೊಬೈಲಿನ ಆಟದಿಂದ ಬಂದುದು. ಅಲ್ಲಿ ಪರದೆಯ ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ. ಪೆಟ್ಟು ಬಿದ್ದರೆ ಅದು ಕುಗ್ಗುತ್ತದೆ, ಔಷಧ ದೊರೆತರೆ ಹಿಗ್ಗುತ್ತದೆ. ಪಟ್ಟಿ ತುಂಬಿತೆಂದರೆ ಮನುಷ್ಯನು ಗುಣವಾದಂತೆಯೇ ಸರಿ. ಅಂದು ವೈದ್ಯರು ನನ್ನ ತಮ್ಮನಿಗೆ ಕೊಟ್ಟ ಉತ್ತರವನ್ನು ಮುಂದೆ ತಿಳಿಸುವೆನು. ಆದರೆ ಅವನ ಆ ಮಾತು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಆಟವು ನಮಗೆ ಗಾಯದ ವಿಷಯದಲ್ಲಿ, ಗುಣವಾಗುವ ವಿಷಯದಲ್ಲಿ ಏನನ್ನು ಕಲಿಸುತ್ತಿದೆ?

ಆಟಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ನಾನೂ ಆಡುವವಳೇ. ಒಂದೊಂದು ಆಟವೂ ಸೋತವನನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಹೋಲಿಸಿ ನೋಡುವುದಷ್ಟೇ ನನ್ನ ಆಶಯ.

ಈ ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ಕಬಡ್ಡಿಯಲ್ಲಿ ಹಿಂದಿನಿಂದಲೂ ಮೂರು ಬಗೆಗಳಿದ್ದವು. ಗಾಮಿನಿ ಎಂಬ ಬಗೆಯಲ್ಲಿ ಔಟಾದವನು ಹೊರಗೇ ಕುಳಿತಿರಬೇಕು. ತನ್ನ ತಂಡದವರೆಲ್ಲರೂ ಔಟಾಗುವವರೆಗೆ ಅವನಿಗೆ ಮರುಪ್ರವೇಶವಿಲ್ಲ. ಅಮರ ಎಂಬ ಬಗೆಯಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ. ಎದುರು ತಂಡಕ್ಕೆ ಒಂದು ಅಂಕ ಸೇರುತ್ತದೆ, ಆಟ ಸಾಗುತ್ತದೆ. ಸಂಜೀವನಿ ಎಂಬ ಮೂರನೆಯ ಬಗೆಯಲ್ಲಿ ಔಟಾದವನು ಹೊರಗೆ ಹೋಗುವನು. ಆದರೆ ಅವನ ಜೊತೆಗಾರರು ಎದುರಾಳಿಯೊಬ್ಬನನ್ನು ಔಟ್ ಮಾಡಿದೊಡನೆ ಇವನಿಗೆ ಮತ್ತೆ ಜೀವ ಬರುತ್ತದೆ. ಯಾರು ಮೊದಲು ಹೊರಗೆ ಹೋದರೋ ಅವರೇ ಮೊದಲು ಒಳಗೆ ಬರುವರು. ಇಂದು ನಾವು ಕಾಣುವ ಕಬಡ್ಡಿಯಲ್ಲಿ ಉಳಿದು ಬಂದುದು ಈ ಸಂಜೀವನಿಯ ನಿಯಮವೇ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಪ್ರೊ ಕಬಡ್ಡಿಯ ಕಿರೀಟವನ್ನು ಗೆದ್ದುದು, 2024ರ ಮಾರ್ಚಿಯಲ್ಲಿ ನಮ್ಮೂರಿನ ಪುಣೇರಿ ಪಲ್ಟನ್ ಗೆದ್ದುದು, ಎರಡೂ ಈ ನಿಯಮದಡಿಯಲ್ಲಿಯೇ. (ಪುಣೆಯಲ್ಲಿ ಬೆಳೆದ ಕನ್ನಡ ಮಕ್ಕಳು ಈ ಎರಡರಲ್ಲಿ ಯಾವ ತಂಡಕ್ಕೆ ಚಪ್ಪಾಳೆ ತಟ್ಟಬೇಕು ಎಂಬ ಧರ್ಮಸಂಕಟವನ್ನು ಇಲ್ಲಿ ಚರ್ಚಿಸುವುದಿಲ್ಲ.)

ಈ ಮೂರು ಬಗೆಗಳನ್ನು ಅಳತೆಗೋಲಾಗಿಟ್ಟುಕೊಂಡು ವಿಡಿಯೋ ಆಟಗಳ ಕಡೆಗೆ ತಿರುಗೋಣ.

1978ರಲ್ಲಿ ಜಪಾನಿನಲ್ಲಿ ಹುಟ್ಟಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಆಟಗಾರನಿಗೆ ಮೂರು ಜೀವಗಳು. ಗುಂಡು ತಗುಲಿದರೆ ಒಂದು ಜೀವ ಹೋಯಿತು. ಮೂರೂ ಹೋದರೆ ಆಟ ಮುಗಿಯಿತು. ಅಲ್ಲಿ ಗಾಯವೆಂಬುದೇ ಇಲ್ಲ. ಇರುವುದು, ಇಲ್ಲವಾಗುವುದು, ಇವೆರಡೇ. ಇದು ಹೆಚ್ಚು ಕಡಿಮೆ ಗಾಮಿನಿಯ ದಾರಿ.

1993ರಲ್ಲಿ ಬಂದ ಡೂಮ್ ಎಂಬ ಆಟದಲ್ಲಿ ಆರೋಗ್ಯವು ನೂರರ ಲೆಕ್ಕಕ್ಕೆ ಸಿಕ್ಕಿತು. ಸಣ್ಣ ಔಷಧದ ಪೆಟ್ಟಿಗೆ ದೊರೆತರೆ 10, ದೊಡ್ಡದು ದೊರೆತರೆ 25 ಕೂಡುತ್ತದೆ. ಪೆಟ್ಟಿಗೆಯ ಮೇಲೆ ಕಾಲಿಟ್ಟರೆ ಸಾಕು, ಆ ಕ್ಷಣವೇ ಗುಣ. ಇದರಲ್ಲಿ ಒಂದು ಒಳ್ಳೆಯ ಅಂಶವುಂಟು: ಔಷಧವು ಎಲ್ಲೆಲ್ಲಿಯೂ ಸಿಗುವುದಿಲ್ಲವಾದುದರಿಂದ ಆಟಗಾರನು ಪೆಟ್ಟು ತಿನ್ನದಂತೆ ಜಾಗರೂಕನಾಗಿರಬೇಕು. ಒಂದು ದೋಷವೂ ಉಂಟು: ಐದೋ ಆರೋ ಉಳಿದಿರುವಾಗ ಔಷಧ ಸಿಗದಿದ್ದರೆ ಮುಂದೆ ಸಾಗುವ ದಾರಿಯೇ ಕಾಣದೆ ಖಾಲಿ ಓಣಿಗಳಲ್ಲಿ ಹುಡುಕುತ್ತ ಅಲೆಯಬೇಕಾಗುವುದು.

ಈ ಬೇಸರವನ್ನು ನೀಗಿಸಲೆಂದೇ ತಾನಾಗಿ ತುಂಬುವ ಆರೋಗ್ಯದ ಪದ್ಧತಿ ಬಳಕೆಗೆ ಬಂದಿತು. 2001ರ ಹೇಲೋ ಆಟದಲ್ಲಿ ಯೋಧನ ಕವಚವು ಕೆಲವು ಕ್ಷಣ ಪೆಟ್ಟು ತಪ್ಪಿಸಿಕೊಂಡರೆ ತಾನಾಗಿಯೇ ಮೊದಲಿನಂತಾಗುತ್ತಿದ್ದಿತು. 2005ರ ಕಾಲ್ ಆಫ್ ಡ್ಯೂಟಿ 2 ಆಟದಲ್ಲಿ ದೇಹವೇ ಹಾಗಾಯಿತು. ಗೋಡೆಯ ಮರೆಯಲ್ಲಿ ತುಸು ಹೊತ್ತು ಕುಳಿತರೆ ಪರದೆಯ ಕೆಂಪು ಮಾಯವಾಗುವುದು, ಯೋಧನು ಹೊಸಬನಾಗುವನು. ಆಟ ಎಲ್ಲಿಯೂ ನಿಲ್ಲುವುದಿಲ್ಲ; ಅದಕ್ಕಾಗಿಯೇ ಆ ಬಳಿಕ ಬಂದ ಎಷ್ಟೋ ಆಟಗಳು ಇದನ್ನು ಅನುಸರಿಸಿದವು. ಇದು ಅಮರ ಕಬಡ್ಡಿಗೆ ಸಮೀಪವಾದುದು. ಇದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಗುಣವಾಗಲು ಔಷಧ ಬೇಡ, ಅನ್ನ ಬೇಡ, ಯಾರ ಹಂಗೂ ಬೇಡ. ಗಾಯಕ್ಕೆ ಬೆಲೆಯೇ ಇಲ್ಲವಾದ ಮೇಲೆ ಎಚ್ಚರಕ್ಕೆ ಬೆಲೆ ಎಲ್ಲಿಂದ ಬರಬೇಕು?

2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಮೈನ್‌ಕ್ರಾಫ್ಟ್ ಆಟವು ಇದಕ್ಕಿಂತ ವಿವೇಕದ ಹಾದಿ ಹಿಡಿದಿದೆ. ಅಲ್ಲಿ ಹತ್ತು ಹೃದಯಗಳು ಆರೋಗ್ಯವನ್ನು ತೋರಿಸುತ್ತವೆ. ಅವುಗಳ ಪಕ್ಕದಲ್ಲಿಯೇ ಹಸಿವಿನ ಗುರುತುಗಳೂ ಇವೆ. ಹೊಟ್ಟೆ ತುಂಬಿದ್ದರೆ ಮಾತ್ರ ಹೃದಯಗಳು ಮೆಲ್ಲಗೆ ತುಂಬುವುವು. ಓಡಿದರೆ, ಹೋರಾಡಿದರೆ ಹಸಿವೆಯಾಗುವುದು. ಹೊಟ್ಟೆ ಪೂರ್ತಿ ಖಾಲಿಯಾದರೆ ಹೃದಯಗಳೇ ಇಳಿಯತೊಡಗುವುವು. ಆದುದರಿಂದ ಗುಣವಾಗಬೇಕೆನ್ನುವವನು ಮೊದಲು ಗೋಧಿ ಬಿತ್ತಿ, ಕೊಯ್ದು, ರೊಟ್ಟಿ ಮಾಡಿಕೊಳ್ಳಬೇಕು. ಜ್ವರದಿಂದೆದ್ದವನಿಗೆ ಗಂಜಿ ಕುಡಿಸುವ ನಮ್ಮ ಅಜ್ಜಿಯಂದಿರು ಈ ಆಟವನ್ನು ಕಂಡರೆ ತಲೆದೂಗುವರೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಮ್ಮ ಹುಡುಗರೆಲ್ಲರೂ ಬಲ್ಲ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. 2021ರಲ್ಲಿ ಬಂದ ಈ ಆಟದಲ್ಲಿ ಗುಣವಾಗಲು ಸಮಯ ಹಿಡಿಯುತ್ತದೆ. ಬ್ಯಾಂಡೇಜು ಸುತ್ತಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ಅದೂ ಆರೋಗ್ಯವನ್ನು ನೂರಕ್ಕೆ 75ರ ಮೇಲೆ ಏರಿಸಲಾರದು. ಗುಂಡಿನಾಟವೇ ಆದರೂ ಇದರಲ್ಲಿ ಒಂದು ನಿಯಮವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ತಂಡವಾಗಿ ಆಡುವಾಗ ಪೆಟ್ಟು ತಿಂದವನು ಒಮ್ಮೆಲೇ ಸಾಯುವುದಿಲ್ಲ, ನೆಲಕ್ಕುರುಳಿ ತೆವಳುತ್ತಿರುತ್ತಾನೆ. ತನ್ನನ್ನು ತಾನು ಎಬ್ಬಿಸಿಕೊಳ್ಳುವ ಶಕ್ತಿ ಅವನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗಾರನೊಬ್ಬನು ಹತ್ತಿರ ಬಂದು, ಕುಳಿತು, ಹತ್ತು ಸೆಕೆಂಡುಗಳವರೆಗೆ ಉಪಚರಿಸಬೇಕು. ಅಷ್ಟು ಹೊತ್ತೂ ಆ ಜೊತೆಗಾರನು ಗುಂಡು ಹಾರಿಸುವಂತಿಲ್ಲ; ಅವನೇ ಶತ್ರುವಿಗೆ ಸುಲಭದ ಗುರಿ. ಎಬ್ಬಿಸಿದ ಮೇಲೂ ಬಿದ್ದವನ ಆರೋಗ್ಯ ಅಲ್ಪವೇ. ಮುಂದಿನ ಶುಶ್ರೂಷೆ ಬೇಕೇ ಬೇಕು. ಇದು ಸಂಜೀವನಿ! ಬಿದ್ದವನ ಬದುಕು ನಿಂತವನ ಧೈರ್ಯದ ಮೇಲೆ ಅವಲಂಬಿಸಿದೆ.

ಈ ಎಲ್ಲ ಪದ್ಧತಿಗಳಲ್ಲಿ ಸಂಜೀವನಿಯೇ ಶ್ರೇಷ್ಠವೆಂಬುದು ನನ್ನ ನಮ್ರ ಅಭಿಪ್ರಾಯ. ಗಾಮಿನಿ ಬಿದ್ದವನನ್ನು ಮರೆಯುತ್ತದೆ. ಅಮರವು ಬೀಳುವಿಕೆಯನ್ನೇ ಮರೆಯುತ್ತದೆ. ಸಂಜೀವನಿಯೊಂದೇ ಎರಡನ್ನೂ ನೆನಪಿಟ್ಟುಕೊಂಡು, ಹೊರಗೆ ಕುಳಿತವನ ಕಡೆಗೆ ಒಳಗಿರುವವರ ಕಣ್ಣು ತಿರುಗುವಂತೆ ಮಾಡುತ್ತದೆ.

"ಇದೆಲ್ಲ ಆಟದ ಮಾತು, ಬದುಕಿಗೇನು ಸಂಬಂಧ?" ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಈ ನಮ್ಮ ಊರಿನ ಮಣ್ಣಿನಲ್ಲಿಯೇ ಇದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ, ಸಾವಿತ್ರಿಬಾಯಿ ಫುಲೆಯವರ ದತ್ತಪುತ್ರ ಡಾಕ್ಟರ್ ಯಶವಂತರು ಹಡಪಸರದ ಬಳಿ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ತೆರೆದರು. ಮುಂಢವೆಯಲ್ಲಿ ದಲಿತ ಕುಟುಂಬದ ಬಾಲಕನೊಬ್ಬನಿಗೆ ಪ್ಲೇಗು ತಗುಲಿದೆಯೆಂದು ತಿಳಿದು ಸಾವಿತ್ರಿಬಾಯಿಯವರು ಅವನನ್ನು ತಮ್ಮ ಬೆನ್ನಿನ ಮೇಲೆ ಹೊತ್ತು ಆ ಚಿಕಿತ್ಸಾಲಯಕ್ಕೆ ತಂದರು. ಆಗ ಅವರ ವಯಸ್ಸು ಅರವತ್ತಾರು. ಬಾಲಕನು ಬದುಕಿದನು, ರೋಗವು ಅವರಿಗೆ ಅಂಟಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ಬಿದ್ದವನನ್ನು ಎಬ್ಬಿಸಲು ಹೋಗುವವನು ತಾನೂ ಗುರಿಯಾಗುತ್ತಾನೆ ಎಂಬುದನ್ನು ಆಟವು ಹತ್ತು ಸೆಕೆಂಡುಗಳಲ್ಲಿ ತೋರಿಸಿದರೆ, ಈ ತಾಯಿ ತಮ್ಮ ಪ್ರಾಣವನ್ನೇ ಕೊಟ್ಟು ತೋರಿಸಿದರು.

ಆದರೆ ಯಾವ ಆಟದ ಪಟ್ಟಿಯೂ ಕಲಿಸದ ಪಾಠವೊಂದಿದೆ. ಅದನ್ನೇ ಅಂದು ವೈದ್ಯರು ನನ್ನ ತಮ್ಮನಿಗೆ ಹೇಳಿದುದು. ಡೆಂಗ್ಯೂ ರೋಗದಲ್ಲಿ ಜ್ವರ ಇಳಿದ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಆ ಒಂದೆರಡು ದಿನಗಳಲ್ಲಿ ಕೆಲವರಿಗೆ ರಕ್ತನಾಳಗಳಿಂದ ದ್ರವವು ಹೊರಗೆ ಸೋರಿ ಅಪಾಯ ಒದಗುವುದುಂಟು. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಿಂದ ರಕ್ತ, ಅತಿಯಾದ ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ರೋಗಾಣುವನ್ನು ಕೊಲ್ಲುವ ಔಷಧದ ಪೆಟ್ಟಿಗೆ ಇಲ್ಲ; ವಿಶ್ರಾಂತಿ, ದ್ರವಾಹಾರ, ವೈದ್ಯರ ನಿಗಾ, ಇವೇ ಚಿಕಿತ್ಸೆ. ಪರದೆಯ ಕೆಂಪು ಮಾಯವಾದರೆ ಆಟದಲ್ಲಿ ಗುಣವಾದಂತೆ. ಮೈಯ ಬಿಸಿ ಮಾಯವಾದರೆ ಮನುಷ್ಯನು ಗುಣವಾದಂತಲ್ಲ. ನಮ್ಮ ಮೈಗೆ ಕಣ್ಣಿಗೆ ಕಾಣುವ ಪಟ್ಟಿ ಇಲ್ಲ.

ತಮ್ಮನು ಮುಖ ಸಣ್ಣದು ಮಾಡಿಕೊಂಡು ಮತ್ತೆ ಮಲಗಿದನು. ಆ ಎರಡು ರಾತ್ರಿಗಳಲ್ಲಿ ನಾನೂ ತಾಯಿಯವರೂ ಸರದಿಯ ಮೇಲೆ ಎಚ್ಚರವಿದ್ದು, ಗಳಿಗೆಗೊಮ್ಮೆ ಅವನಿಗೆ ನೀರು, ಮಜ್ಜಿಗೆ, ಗಂಜಿ ಕುಡಿಸಿದೆವು. ಅವನು ಪೂರ್ತಿ ಚೇತರಿಸಿಕೊಂಡು ಅಂಗಳಕ್ಕೆ ಇಳಿಯಲು ಮೂರು ವಾರಗಳು ಹಿಡಿದವು. ಹತ್ತು ಸೆಕೆಂಡುಗಳಲ್ಲ, ಮೂರು ವಾರಗಳು!

ಗೆಳೆಯರೇ, ಆಡಿರಿ, ಬೇಡವೆನ್ನುವವಳು ನಾನಲ್ಲ. ಆದರೆ ಕಬಡ್ಡಿಯಲ್ಲಿ ಮೊಣಕಾಲು ಉಳುಕಿದಾಗ ಗೋಡೆಯ ಮರೆಯಲ್ಲಿ ತುಸು ಕುಳಿತರೆ ಸರಿಹೋಗುವುದೆಂದು ಮುಚ್ಚಿಡಬೇಡಿರಿ, ಹಿರಿಯರಿಗೆ ತಿಳಿಸಿರಿ. ತರಗತಿಯಲ್ಲಿ ಒಂದು ಬೆಂಚು ನಾಲ್ಕು ದಿನ ಖಾಲಿ ಇದ್ದರೆ ಆ ಗೆಳೆಯನ ಮನೆಗೆ ಹೋಗಿ ಪಾಠದ ಟಿಪ್ಪಣಿಯನ್ನು ಕೊಟ್ಟು ಬನ್ನಿರಿ. ಅದೂ ಒಂದು ಸಂಜೀವನಿಯೇ.

ಕೊನೆಯದಾಗಿ ಒಂದು ಆಸೆ. 2020ರಲ್ಲಿ ಹೊರಬಂದು ದೇಶವಿದೇಶಗಳಲ್ಲಿ ಹೆಸರು ಮಾಡಿದ ರಾಜಿ ಎಂಬ ವಿಡಿಯೋ ಆಟವು ತಯಾರಾದುದು ಈ ನಮ್ಮ ಪುಣೆಯಲ್ಲಿಯೇ. ನಾಳೆ ನಮ್ಮ ಶಾಲೆಯ ಹುಡುಗನೋ ಹುಡುಗಿಯೋ ಕನ್ನಡದಲ್ಲಿಯೇ ಅಂಥದೊಂದು ಆಟವನ್ನು ರಚಿಸಬಹುದು. ಅದರಲ್ಲಿ ಬಿದ್ದವನು ತಾನಾಗಿ ಏಳದಿರಲಿ, ಬಿದ್ದಲ್ಲಿಯೇ ಉಳಿಯದೆಯೂ ಇರಲಿ. ಯಾರಾದರೊಬ್ಬರು ಹಿಂದಿರುಗಿ ಬಂದು ಅವನ ಕೈಹಿಡಿಯಲಿ.