ಪುಕ್ಕಟೆ ಚಾರ್ಟಿಗೆ ಬೆಲೆ ತೆರುವವರು ಯಾರು?

ಕೋಟದಿಂದ ಹಿರಿಯ ಓದುಗರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವರ ಮಗ ಊರಿಗೆ ಮರಳಿ ಒಂದು ವರ್ಷವಾಯಿತಂತೆ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಷೇರುಪೇಟೆ ತೆರೆಯುತ್ತಲೇ ಚಾವಡಿಯಲ್ಲಿ ಮೊಬೈಲು ಹಿಡಿದು ಕುಳಿತರೆ, ಮೂರೂವರೆಗೆ ಪೇಟೆ ಮುಚ್ಚಿದ ಮೇಲೆಯೇ ಅವನು ಊಟಕ್ಕೆ ಏಳುವುದು. ತಾಯಿಯ ಎರಡು ಬಳೆಗಳು ಆಗಲೇ ಸೊಸೈಟಿಯಲ್ಲಿ ಅಡವು ಬಿದ್ದಿವೆ. ಕಳೆದುಕೊಂಡದ್ದು ತನ್ನ ತಪ್ಪಿನಿಂದಲ್ಲ, ಒಳ್ಳೆಯ ಚಾರ್ಟು ಇಲ್ಲದ್ದರಿಂದ ಎಂದು ಮಗನ ವಾದ. ಹಿರಿಯರು ನಮ್ಮನ್ನು ಕೇಳುವ ಪ್ರಶ್ನೆ ಇಷ್ಟೇ: ಪುಕ್ಕಟೆ ಸಿಗುವ ತಂತ್ರಾಂಶಗಳಲ್ಲಿ ಯಾವುದು ಮೇಲು? ಅದು ಸಾಲದಿದ್ದರೆ ದುಡ್ಡು ತೆತ್ತು ಬೇರೊಂದನ್ನು ಕೊಡಿಸಬೇಕೆ?

ಇದು ಒಂದು ಮನೆಯ ಪ್ರಶ್ನೆಯಲ್ಲ. ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಫ್ಯೂಚರ್ಸ್ ಮತ್ತು ಆಪ್ಶನ್ಸ್ ಎಂಬ ವಾಯಿದೆ ವ್ಯಾಪಾರದಲ್ಲಿ ತೊಡಗಿರುವ ಸಾಮಾನ್ಯರ ಪೈಕಿ ಶೇಕಡಾ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇಕಡಾ 31ರಿಂದ 43ಕ್ಕೆ ಏರಿದೆ. ಕೋಟ, ಸಾಲಿಗ್ರಾಮ, ಕುಂದಾಪುರ, ಬೈಂದೂರುಗಳಂಥ ಊರುಗಳ ಹುಡುಗರೂ ಈ ಲೆಕ್ಕದೊಳಗೆ ಬರುತ್ತಾರೆ. ಆದುದರಿಂದ ನಮ್ಮ ಉತ್ತರವನ್ನು ಇಲ್ಲಿಯೇ, ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇವೆ.

ಮೊದಲು ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಒಂದು ಕಾಲಕ್ಕೆ ಷೇರಿನ ಧಾರಣೆ ಮುಂಬಯಿಯ ದಲಾಲ್ ಸ್ಟ್ರೀಟಿನವರಿಗೆ ಮೊದಲು ತಿಳಿಯುತ್ತಿತ್ತು. ನಮಗೆ ಮರುದಿನದ ಪತ್ರಿಕೆಯೇ ಗತಿ. ಕೊಂಡರೂ ಮಾರಿದರೂ ದಲ್ಲಾಳಿಗೆ ನೂರಕ್ಕಿಷ್ಟು ಎಂದು ತೆರಬೇಕಿತ್ತು. 2010ರಲ್ಲಿ ನಿತಿನ್ ಕಾಮತ್, ನಿಖಿಲ್ ಕಾಮತ್ ಸಹೋದರರು ಬೆಂಗಳೂರಿನಲ್ಲಿ ಝೆರೋಧಾ ಸಂಸ್ಥೆಯನ್ನು ತೆರೆದರು. ಷೇರು ಕೊಂಡು ಇಟ್ಟುಕೊಳ್ಳುವವರಿಂದ ದಲ್ಲಾಳಿಯನ್ನೇ ಪಡೆಯುವುದಿಲ್ಲವೆಂದು 2015ರ ಡಿಸೆಂಬರಿನಲ್ಲಿ ಅದು ಸಾರಿತು. ಬೇರೆ ಸಂಸ್ಥೆಗಳೂ ಅದರ ದಾರಿ ಹಿಡಿದವು. ಈಗ ಇಂಥ ಸಂಸ್ಥೆಗಳ ಆ್ಯಪಿನಲ್ಲಿ ಚಾರ್ಟು ಪುಕ್ಕಟೆ. ಟ್ರೇಡಿಂಗ್‌ವ್ಯೂ ಎಂಬ ವಿದೇಶೀ ತಾಣದಲ್ಲಿಯೂ ಪುಕ್ಕಟೆ. ಅಲ್ಲಿ ಜಾಹೀರಾತು ಸಹಿಸಬೇಕು, ಸೂಚಕಗಳಿಗೆ ಮಿತಿಯಿದೆ, ಅಷ್ಟೇ. ಎನ್‌ಎಸ್‌ಇ, ಬಿಎಸ್‌ಇ ವಿನಿಮಯ ಕೇಂದ್ರಗಳ ತಾಣಗಳಲ್ಲಿ ಧಾರಣೆ ಮಾತ್ರವಲ್ಲ, ಕಂಪೆನಿಗಳ ವಾರ್ಷಿಕ ವರದಿಗಳೂ ಕಾಸು ಕೊಡದೆ ಓದಲು ಸಿಗುತ್ತವೆ. ಗಣಕ ಬಲ್ಲವರಿಗೆ ಸೂಚಕಗಳ ಲೆಕ್ಕ ಮಾಡುವ ಮುಕ್ತ ತಂತ್ರಾಂಶಗಳೂ ಇವೆ. ದೊಡ್ಡ ಕೋಠಿಗಳ ಗುಟ್ಟಾಗಿದ್ದ ತಿಳಿವಳಿಕೆ ಜನರ ಕೈಗೆ ಬಂದುದನ್ನು ನಾವು ವಿರೋಧಿಸುವುದಿಲ್ಲ. ಹಾಗೆ ಬರಬೇಕೆಂದೇ ನಾವು ಎಂದೆಂದೂ ಕೇಳಿದವರು.

ಇನ್ನು ಚಾರ್ಟು ಎಂದರೇನು? ಮೇಣದಬತ್ತಿಯಂಥ ಆ ಗೆರೆಗಳ ಪದ್ಧತಿ ಜಪಾನಿನ ಅಕ್ಕಿ ವ್ಯಾಪಾರಿಗಳಿಂದ ಬಂದದ್ದೆನ್ನುತ್ತಾರೆ. ಅಲ್ಲಿನ ಒಸಾಕಾದ ದೋಜಿಮಾ ಅಕ್ಕಿಪೇಟೆಗೆ 1730ರಲ್ಲಿಯೇ ಸರಕಾರದ ಮಾನ್ಯತೆ ಸಿಕ್ಕಿತ್ತು. ಬತ್ತದ ವ್ಯಾಪಾರ ಕಂಡ ನಮ್ಮವರಿಗೆ ಇದು ಕಷ್ಟದ ವಿದ್ಯೆಯಲ್ಲ. ಪೇಟೆ ತೆರೆದಾಗಿನ ಧಾರಣೆ, ಮುಚ್ಚಿದಾಗಿನದು, ದಿನದ ಹೆಚ್ಚಿನದು, ಕಡಿಮೆಯದು, ಈ ನಾಲ್ಕೇ ಸಂಗತಿಗಳು ಒಂದು ಬತ್ತಿಯಲ್ಲಿವೆ. ಸರಾಸರಿ ಗೆರೆ, ಆರ್‌ಎಸ್‌ಐ ಮೊದಲಾದ ಸೂಚಕಗಳು ಅದೇ ಧಾರಣೆಗಳನ್ನು ಕೂಡಿ ಕಳೆದು ಭಾಗಿಸಿ ಬಂದವು. ಪುಕ್ಕಟೆಯದರಲ್ಲಿಯೂ ದುಡ್ಡಿನದರಲ್ಲಿಯೂ ಲೆಕ್ಕ ಒಂದೇ. ಆದುದರಿಂದ ಹಿರಿಯರ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳುತ್ತೇವೆ: ದುಡ್ಡು ತೆತ್ತು ಕೊಡಿಸಬೇಡಿ. ಚಾರ್ಟು ನಿನ್ನೆಯ ಪ್ರಾಮಾಣಿಕ ಲೆಕ್ಕ. ನಾಳೆಯ ಮಾತನ್ನು ಅದು ಹೇಳಲಾರದು.

ನಮ್ಮ ಕರಾವಳಿಯಲ್ಲಿ ಕೋಳಿ ಅಂಕಕ್ಕೆ ಹೋಗುವವರು ಕುಕ್ಕುಟ ಪಂಚಾಂಗ ನೋಡುವುದುಂಟು. ಯಾವ ದಿನ ಯಾವ ಬಣ್ಣದ ಕೋಳಿ ಗೆಲ್ಲುವುದೆಂದು ಅದರಲ್ಲಿ ಬರೆದಿರುತ್ತದೆ. ಎದುರು ಕೋಳಿ ಕಟ್ಟುವವನೂ ಅದೇ ಪಂಚಾಂಗ ನೋಡಿಯೇ ಬಂದಿರುತ್ತಾನೆ. ಒಬ್ಬನ ಕೋಳಿ ಸತ್ತೇ ಸಾಯುತ್ತದೆ. ಸೋತವನು ಪಂಚಾಂಗವನ್ನು ದೂರುವುದಿಲ್ಲ, ತಾನು ಗಳಿಗೆ ನೋಡಿದ್ದು ತಪ್ಪೆನ್ನುತ್ತಾನೆ, ಮುಂದಿನ ವಾರ ಮತ್ತೆ ಹೋಗುತ್ತಾನೆ. ಸೆಬಿಯ ವರದಿಯಲ್ಲಿಯೂ ಈ ಮಾತಿಗೆ ಸಾಕ್ಷಿಯಿದೆ. ಸತತ ಎರಡು ವರ್ಷ ನಷ್ಟ ಹೊಂದಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆ ವ್ಯಾಪಾರವನ್ನು ಬಿಟ್ಟಿಲ್ಲ.

ಹಾಗಾದರೆ ತಂತ್ರಾಂಶವನ್ನು ತೂಗುವುದು ಹೇಗೆ? ಬಣ್ಣ, ಗೆರೆ, ಸೂಚಕಗಳ ಸಂಖ್ಯೆ ನೋಡಿ ಅಲ್ಲ. ಇದನ್ನು ನಡೆಸುವವರ ಅನ್ನ ಎಲ್ಲಿಂದ ಹುಟ್ಟುತ್ತದೆಂದು ಕೇಳಬೇಕು.

1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ತೊಡಗಿದಾಗ, ಏಜೆಂಟನು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದನು. ಅವನಿಗೆ ಕಮಿಷನ್ ಇತ್ತು. ಆದರೆ ನಾವು ಉಳಿಸಿದಷ್ಟೂ ಅವನಿಗೆ ಬರುತ್ತಿತ್ತು. ಈಗ ಬಾಗಿಲಿಗಲ್ಲ, ಕೈಗೇ ಬಂದಿರುವ ಈ ಏಜೆಂಟನಿಗೆ ನಾವು ಕೊಂಡು ಮಾರಿ, ಮಾರಿ ಕೊಂಡಷ್ಟೂ ಬರುತ್ತದೆ. ಭೇದವಿರುವುದು ಇಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಆಪ್ಶನ್ಸಿನಲ್ಲಿ ಒಂದು ಆರ್ಡರಿಗೆ 20 ರೂಪಾಯಿ ಈ ಸಂಸ್ಥೆಗಳ ಸಾಮಾನ್ಯ ದರ. ಕೊಳ್ಳಲು 20, ಮಾರಲು 20, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ. ದಿನಕ್ಕೆ ಐದು ಸಲವಾದರೆ 236 ರೂಪಾಯಿ, ತಿಂಗಳಿಗೆ ಇಪ್ಪತ್ತು ದಿನಕ್ಕೆ 4,720, ವರ್ಷಕ್ಕೆ 56,640. ವಹಿವಾಟು ತೆರಿಗೆ, ವಿನಿಮಯ ಕೇಂದ್ರದ ಶುಲ್ಕ, ಸ್ಟಾಂಪು ಇವು ಬೇರೆ. ಗೆದ್ದರೂ ಇದು ಕೊಡಲೇಬೇಕು, ಸೋತರೂ ಕೊಡಲೇಬೇಕು. 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಸಾಮಾನ್ಯರು ಹೀಗೆ ಖರ್ಚಿನ ಬಾಬ್ತು ತೆತ್ತದ್ದು ಸುಮಾರು 50,000 ಕೋಟಿ ರೂಪಾಯಿ. ಅದರಲ್ಲಿ ಶೇಕಡಾ 51 ದಲ್ಲಾಳಿ ಸಂಸ್ಥೆಗಳಿಗೆ, 20 ವಿನಿಮಯ ಕೇಂದ್ರಗಳಿಗೆ ಸಂದಿತು. ಪುಕ್ಕಟೆ ಚಾರ್ಟಿನ ಬೆಲೆ ಇದೇ. ಷೇರು ಕೊಂಡು ವರ್ಷಗಟ್ಟಲೆ ಇಡುವವನಿಂದ ಈ ಸಂಪಾದನೆ ಇಲ್ಲ. ಕೈ ಸುಮ್ಮನಿರದವನೇ ಇಡೀ ಅಂಗಡಿಯ ಬಾಡಿಗೆ ಕಟ್ಟುತ್ತಿದ್ದಾನೆ.

ಅದೇ ಮೂರು ವರ್ಷಗಳಲ್ಲಿ ಈ ವಾಯಿದೆ ವ್ಯಾಪಾರ ಮಾಡಿದ ಒಂದು ಕೋಟಿಗೂ ಮೇಲ್ಪಟ್ಟ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೊಬ್ಬರು. ಈ ಹಣ ಎಲ್ಲಿಗೆ ಹೋಯಿತು? 2023-24ರಲ್ಲಿ ಸ್ವಂತ ಬಂಡವಾಳದ ದೊಡ್ಡ ಕೋಠಿಗಳು ಸುಮಾರು 33,000 ಕೋಟಿ, ವಿದೇಶೀ ಹೂಡಿಕೆದಾರರು ಸುಮಾರು 28,000 ಕೋಟಿ ರೂಪಾಯಿ ಲಾಭ ಪಡೆದರು. ಅವರ ಲಾಭದಲ್ಲಿ ನೂರಕ್ಕೆ 96-97 ಪಾಲು ತಾನಾಗಿ ವ್ಯಾಪಾರ ಮಾಡುವ ಗಣಕಗಳಿಂದ ಬಂದದ್ದು. 2025ರ ಜುಲೈಯಲ್ಲಿ ಸೆಬಿಯು ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆ ನಮ್ಮ ಸೂಚ್ಯಂಕವನ್ನೇ ಏರಿಳಿಸಿ ಅಕ್ರಮ ಲಾಭ ಗಳಿಸಿತೆಂದು ಮಧ್ಯಂತರ ಆಜ್ಞೆ ಹೊರಡಿಸಿ, 4,843 ಕೋಟಿ ರೂಪಾಯಿಗಳನ್ನು ತಡೆಹಿಡಿಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. ತೀರ್ಪು ಏನೇ ಆಗಲಿ, ಚಾವಡಿಯಲ್ಲಿ ಮೊಬೈಲು ಹಿಡಿದ ಹುಡುಗನ ಎದುರಾಳಿಗಳು ಎಂಥವರೆಂಬುದು ಇದರಿಂದ ಕಾಣುತ್ತದೆ. ಚಾರ್ಟಿನಲ್ಲಿ ಅವರ ಮುಖ ಕಾಣುವುದಿಲ್ಲ.

ಸರಕಾರದ ಮಾತೇನು? 1969ರ ಜೂನಿನಲ್ಲಿ ಷೇರುಗಳ ವಾಯಿದೆ ವ್ಯಾಪಾರವನ್ನು ನಿಷೇಧಿಸಿದ್ದು ಕೇಂದ್ರ ಸರಕಾರವೇ. 2000ದ ಮಾರ್ಚಿಯಲ್ಲಿ ಆ ನಿಷೇಧವನ್ನು ತೆಗೆದದ್ದೂ ಕೇಂದ್ರ ಸರಕಾರವೇ. ಈಚೆಗೆ ಕೆಲವು ಕ್ರಮಗಳಾಗಿವೆ, ಇಲ್ಲವೆನ್ನುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆಂದು ಆ್ಯಪು ತೆರೆದೊಡನೆ ತೋರಿಸಬೇಕೆಂದು 2023ರಲ್ಲಿ ನಿಯಮವಾಯಿತು. 2024ರ ನವೆಂಬರಿನಿಂದ ಹೊಸ ಕರಾರುಗಳ ಗಾತ್ರ ಕನಿಷ್ಠ 15 ಲಕ್ಷ ರೂಪಾಯಿಗೆ ಏರಿತು, ವಾರದ ಕರಾರುಗಳು ವಿನಿಮಯ ಕೇಂದ್ರಕ್ಕೆ ಒಂದೇ ಎಂದಾಯಿತು. ಆದರೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು, ಸಾಮಾನ್ಯರ ನಷ್ಟ 1,05,603 ಕೋಟಿ ರೂಪಾಯಿಗೆ ಮುಟ್ಟಿತು. ಕೋಳಿ ಅಂಕಕ್ಕೆ ಪೊಲೀಸರನ್ನು ಅಟ್ಟುವ ಸರಕಾರ ಈ ಅಂಕದ ಮೇಲೆ ತೆರಿಗೆ ಏರಿಸಿ ತಾನೂ ಪಾಲು ಪಡೆಯುತ್ತದೆ.

ನಾವು ಕೇಳುವುದು ಮೂರು. ವಾರದ ಕರಾರುಗಳನ್ನು ಪೂರ್ತಿ ನಿಲ್ಲಿಸಿರಿ. ವರಮಾನಕ್ಕೆ ಮೀರಿ ವಾಯಿದೆ ವ್ಯಾಪಾರಕ್ಕಿಳಿಯಲು ಬಿಡಬೇಡಿರಿ. ಇದರಲ್ಲಿ ತೊಡಗಿದವರ ಪೈಕಿ ಮುಕ್ಕಾಲು ಪಾಲಿನವರು ತೋರಿಸಿದ ವಾರ್ಷಿಕ ವರಮಾನ ಐದು ಲಕ್ಷಕ್ಕಿಂತ ಕಡಿಮೆಯೆಂಬುದನ್ನು ಮರೆಯಬೇಡಿರಿ. ಲೋಕದ ನಷ್ಟದ ಅಂಕಿ ಮಾತ್ರ ಸಾಲದು. ಆರಂಭದಿಂದ ಇಂದಿನ ವರೆಗೆ, ಖರ್ಚು ಸೇರಿ, ತನ್ನ ಸ್ವಂತ ನಷ್ಟವೆಷ್ಟೆಂದು ಪ್ರತಿಯೊಬ್ಬನಿಗೂ ಚಾರ್ಟಿನ ಪಕ್ಕದಲ್ಲಿಯೇ ದೊಡ್ಡ ಅಕ್ಷರದಲ್ಲಿ ತೋರಿಸಿರಿ.

ಆ ಹಿರಿಯರಿಗೆ ನಮ್ಮದೊಂದು ಬಿನ್ನಹ. ಮಗನನ್ನು ಗದರಿಸಬೇಡಿ. ಬೈಲು ಬೀಳು ಬಿದ್ದಿರುವ ಊರಿನಲ್ಲಿ, ಓದಿಗೆ ತಕ್ಕ ಕೆಲಸ ಸಿಗದ ಹುಡುಗ ಮೊಬೈಲಿನಲ್ಲಿ ಅನ್ನ ಹುಡುಕಿದರೆ ಅಪರಾಧ ಅವನೊಬ್ಬನದಲ್ಲ. ಒಂದು ಭಾನುವಾರ, ಪೇಟೆಗೆ ರಜೆಯಿರುವಾಗ, ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಲಾಭನಷ್ಟದ ಪಟ್ಟಿ ಆ ಆ್ಯಪಿನಲ್ಲಿಯೇ ಇರುತ್ತದೆ. ಅದನ್ನು ತೆಗೆಸಿ, ಖರ್ಚಿನ ಕಲಮನ್ನು ಬೇರೆ ಬರೆಸಿ, ಅವನ ಕೈಯಿಂದಲೇ ಕೂಡಿಸಿ. ಷೇರುಪೇಟೆಯ ವಿದ್ಯೆ ಬೇಕೆಂದಾದರೆ ಕಂಪೆನಿಯ ವಾರ್ಷಿಕ ವರದಿ ಓದಲಿ, ಉಳಿದ ಹಣದಲ್ಲಿ ಮಾತ್ರ ಷೇರು ಕೊಂಡು ಇಡಲಿ. ಅದಕ್ಕೆ ಪುಕ್ಕಟೆ ತಂತ್ರಾಂಶ ಯಾವುದಾದರೂ ಸಾಕು. ವಾಯಿದೆ ವ್ಯಾಪಾರಕ್ಕೆ ಯಾವುದೂ ಸಾಲದು.

ಅದಕ್ಕೂ ಮೊದಲು ಅವನ ತಾಯಿಯ ಬಳೆಗಳು ಮನೆಗೆ ಬರಲಿ.